ಮನೆಮಾತು ಯಾವುದು ಅಂತ ಕೇಳಿದ್ರೆ ಏನು ಬರೆಸ್ತೀರಿ?

ಗಂಗಾವತಿ: ಅಂಜನಾದ್ರಿಗೆ ಬರೋ ಜನರ ಜೊತೆ ವ್ಯಾಪಾರ ಮಾಡಿ ಹನುಮನಹಳ್ಳಿ ಕಡೆಯ ಅಂಗಡಿಯವರಿಗೆ ಹಿಂದಿ, ತೆಲುಗು ಅಷ್ಟಿಷ್ಟು ಬರುತ್ತೆ. ಆದರೆ ಸಂತೆಗೆ ಬರೋ ತಾಂಡಾದವರು ತಮ್ಮತಮ್ಮಲ್ಲೇ ಆಡೋ ಗೋರಬೋಲಿ, ಅಂದ್ರೆ ಲಂಬಾಣಿ ಮಾತು, ಎಷ್ಟು ಜನಕ್ಕೆ ಗೊತ್ತು? ತಾಯಿಗೆ ಯಾಡಿ, ರೊಟ್ಟಿಗೆ ಬಾಟಿ ಅನ್ನೋ ಭಾಷೆ ಅದು.

2011ರ ಜನಗಣತಿಯಲ್ಲಿ ಲಂಬಾಣಿ ಅಂತ ಬರೆಸಿದವರು ದೇಶದಲ್ಲಿ ಸುಮಾರು 32.76 ಲಕ್ಷ. ಬಂಜಾರಿ ಅಂತ ಬರೆಸಿದವರು ಬೇರೆ 15.81 ಲಕ್ಷ. ಎರಡೂ ಸೇರಿದ್ದು ಹಿಂದಿ ಲೆಕ್ಕಕ್ಕೆ!

ಹೇಗೆ ಅಂತೀರಾ? ಆ ಸಲ ಜನ ಬರೆಸಿದ ಹೆಸರು 19,569. ಅವನ್ನ ಸೋಸಿ 1,369 ಮಾತೃಭಾಷೆ ಮಾಡಿದ್ರು. ಮತ್ತೆ ಗುಂಪು ಮಾಡಿದಾಗ ಉಳಿದದ್ದು 121 ಭಾಷೆ. 10 ಸಾವಿರಕ್ಕಿಂತ ಕಡಿಮೆ ಜನ ಆಡೋ ಭಾಷೆಯ ಹೆಸರು ಪಟ್ಟಿಯಲ್ಲೇ ಬರಲ್ಲ.

ಪಶ್ಚಿಮ ಬಂಗಾಳದಲ್ಲಿ, ಭೂತಾನ್ ಗಡಿಯ ಟೋಟೋಪಾರಾ ಊರಿನ ಟೋಟೋ ಭಾಷೆ ಅಂಥದ್ದು. ಅದು ಟಿಬೆಟೋ-ಬರ್ಮನ್ ಕುಟುಂಬದ್ದು. ಆಡೋರು ಸುಮಾರು 1,600 ಮಂದಿ, ನಮ್ಮ ಒಂದು ಸಣ್ಣ ಹಳ್ಳಿಯಷ್ಟು. ಅಲ್ಲಿನ ಧನಿರಾಮ್ ಟೋಟೋ ಅದಕ್ಕೆ ಲಿಪಿ ಮಾಡಿದ್ರು. 2021ರಲ್ಲಿ ಅದು ಯೂನಿಕೋಡ್‌ಗೂ ಸೇರಿತು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಲಂಬಾಣಿ ಆಡೋರು ಲಕ್ಷಗಟ್ಟಲೆ ಇದ್ದಾರಲ್ಲ, ಚಿಂತೆ ಯಾಕೆ ಅನ್ನಬಹುದು. ಆದರೆ ಭಾಷೆ ಉಳಿಯೋದು ತಲೆ ಎಣಿಕೆಯಿಂದಷ್ಟೇ ಅಲ್ಲ, ಮನೆಯಲ್ಲಿ ಮಕ್ಕಳ ಬಾಯಿಂದ. ಗುಳೆ ಹೋದ ಮನೆಯ ಮಗು ಹೋದ ಊರಿನ ಮಾತು ಕಲಿಯುತ್ತೆ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಕಲಿಯುತ್ತೆ. ಸ್ವಂತ ಲಿಪಿ ಇಲ್ಲದ ಗೋರಬೋಲಿ ಅಜ್ಜಿ ಹತ್ತಿರ ಆಡಿದರಷ್ಟೇ ಬರುತ್ತೆ.

ಈಗ ಮತ್ತೆ ಜನಗಣತಿ ಬಂದಿದೆ. ತಲೆ ಎಣಿಕೆ 2027ರ ಫೆಬ್ರವರಿಗೆ. 2011ರಲ್ಲಿ ಮಾತೃಭಾಷೆಗೆ ಒಂದು ಕಾಲಂ, ಗೊತ್ತಿರೋ ಇತರ ಎರಡು ಭಾಷೆಗೆ ಇನ್ನೊಂದು ಕಾಲಂ ಇತ್ತು. ಕನ್ನಡ ಚೆನ್ನಾಗಿ ಬರುತ್ತೆ ಅನ್ನೋದನ್ನ ಎರಡನೇ ಕಡೆ ಬರೆಸಬಹುದು. ಮಾತೃಭಾಷೆ ಅಂದ್ರೆ ಚಿಕ್ಕಂದಿನಲ್ಲಿ ತಾಯಿ ನಿಮ್ಮ ಜೊತೆ ಆಡಿದ ಮಾತು.

ಲಂಬಾಣಿ ಅಂತ ಬರೆಸಿದರೂ ಮತ್ತೆ ಹಿಂದಿ ಗುಂಪಿಗೇ ಹಾಕಬಹುದು. ಆದರೂ ಒಳಪಟ್ಟಿಯಲ್ಲಿ ಹೆಸರು, ಸಂಖ್ಯೆ ಎರಡೂ ಉಳಿಯುತ್ತೆ. ಬರೆಸದೇ ಇದ್ರೆ ಅದೂ ಇಲ್ಲ. ತಾಂಡಾದ ಹಿರಿಯರು ಕೂತು, ಯಾವ ಹೆಸರು ಬರೆಸಬೇಕು ಅನ್ನೋದನ್ನ ಮೊದಲೇ ತೀರ್ಮಾನ ಮಾಡಿಕೊಂಡರೆ ಒಳ್ಳೇದು.