ಐಆರ್‌ಎ ಹಣ ವಾಪಸ್ ಹಾಕಿದ್ರಾ? ರಿಟರ್ನ್‌ನಲ್ಲಿ ಹೀಗೆ ತೋರಿಸಿ

ಅಮೆರಿಕದಲ್ಲಿರೋ ಕನ್ನಡಿಗರೇ, ನಿಮ್ಮ ಟ್ರೆಡಿಷನಲ್ ಐಆರ್‌ಎಯಿಂದ 10,000 ಡಾಲರ್ ತೆಗೆದ್ರಿ. ಆಮೇಲೆ ಅಷ್ಟನ್ನೂ ವಾಪಸ್ ಹಾಕಿದ್ರಿ. ಲೆಕ್ಕ ಚುಕ್ತಾ ಅಂದ್ಕೊಂಡ್ರಾ? ಇಲ್ಲ, ರಿಟರ್ನ್‌ನಲ್ಲಿ ತೋರಿಸಲೇಬೇಕು.

ಯಾಕೆ? ಹಣ ಹೊರಗೆ ಹೋದದ್ದನ್ನು ಖಾತೆ ನಡೆಸುವ ಸಂಸ್ಥೆ 1099-ಆರ್ ಫಾರ್ಮ್‌ನಲ್ಲಿ ಐಆರ್‌ಎಸ್‌ಗೆ ತಿಳಿಸಿರುತ್ತೆ. ವಾಪಸ್ ಬಂದದ್ದು ಅದರಲ್ಲಿ ಇರೋದಿಲ್ಲ. ಅದು ಬರೋದು 5498 ಫಾರ್ಮ್‌ನಲ್ಲಿ, ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಅಷ್ಟೊತ್ತಿಗೆ ರಿಟರ್ನ್ ಗಡುವು ಮುಗಿದಿರುತ್ತೆ.

ಹಾಗಾಗಿ 1040 ಫಾರ್ಮ್‌ನ 4ಎ ಸಾಲಿನಲ್ಲಿ 10,000 ಬರೀರಿ. ತೆರಿಗೆಗೆ ಒಳಪಡುವ ಮೊತ್ತದ 4ಬಿ ಸಾಲಿನಲ್ಲಿ ಸೊನ್ನೆ. ಜೊತೆಗೆ ರೋಲ್‌ಓವರ್ ಅಂತ ಗುರುತು ಹಾಕಿ. ತೆರಿಗೆ ಕಟ್ಟದ ಹಣದಲ್ಲಿ 6,000 ಮಾತ್ರ ವಾಪಸ್ ಹಾಕಿದ್ರೆ, 4ಬಿಯಲ್ಲಿ 4,000.

ಷರತ್ತು ಎರಡು. ಹಣ ಕೈ ಸೇರಿದ 60 ದಿನದೊಳಗೆ ವಾಪಸಾಗಬೇಕು. ನಿಮ್ಮ ಎಲ್ಲ ಐಆರ್‌ಎ ಖಾತೆಗಳಿಗೂ ಸೇರಿ 12 ತಿಂಗಳಲ್ಲಿ ಒಂದೇ ಸಲ ಈ ಅವಕಾಶ. ತಪ್ಪಿದರೆ ಅದು ಆದಾಯ. ವಯಸ್ಸು 59½ ಆಗಿಲ್ಲದಿದ್ದರೆ ಸಾಮಾನ್ಯವಾಗಿ ಶೇ. 10 ಹೆಚ್ಚುವರಿ ತೆರಿಗೆಯೂ ಬೀಳುತ್ತೆ.

ಶೇ. 10 ತೆರಿಗೆ ಮುರಿದುಕೊಂಡು ನಿಮಗೆ 9,000 ಕೊಟ್ಟಿದ್ರಾ? ಆದರೂ ವಾಪಸ್ ಹಾಕಬೇಕಾದ್ದು ಪೂರ್ತಿ 10,000. ಕಡಿಮೆಯಾದ 1,000 ಕೈಯಿಂದ ಸೇರಿಸಿ. ಮುರಿದುಕೊಂಡದ್ದನ್ನು ಈಗಾಗಲೇ ಕಟ್ಟಿದ ತೆರಿಗೆಯಾಗಿ ರಿಟರ್ನ್‌ನಲ್ಲಿ ತೋರಿಸಿ.

ಹಣ ತೆಗೆದ ದಿನಾಂಕ, ಜಮಾ ಮಾಡಿದ ದಿನಾಂಕ, ಎರಡಕ್ಕೂ ದಾಖಲೆ ಇಟ್ಕೊಳ್ಳಿ. ಐಆರ್‌ಎಸ್ ಪತ್ರ ಬಂದರೆ ಉತ್ತರ ಕೊಡೋದು ಅವೇ.