ನಕ್ಷತ್ರ ಹಣ್ಣು: ಕಿಡ್ನಿ ರೋಗಿಗಳಿಗೆ ಒಂದು ತುಂಡೂ ಬೇಡ

ಸೂಪರ್ ಮಾರ್ಕೆಟ್‌ಗಳಲ್ಲಿ ಈಗ ಡ್ರ್ಯಾಗನ್ ಫ್ರೂಟ್, ಕಿವಿ, ರಾಂಬುಟಾನ್‌ಗಳ ಪಕ್ಕದಲ್ಲೇ ಸ್ಟಾರ್ ಫ್ರೂಟ್ ಕೂಡ ಕಾಣಸಿಗುತ್ತದೆ. ಹಳದಿ ಬಣ್ಣ, ಐದು ಏಣು, ಅಡ್ಡಕ್ಕೆ ಕೊಯ್ದರೆ ಅಚ್ಚುಕಟ್ಟಾದ ನಕ್ಷತ್ರ. ಮಕ್ಕಳು ಬೇಕೆಂದು ಹಟ ಹಿಡಿಯುವುದು ಸಹಜ. ವಿದೇಶಿ ಹಣ್ಣೆಂದು ದುಬಾರಿ ಬೆಲೆ ಕೊಟ್ಟು ತರುವ ಇದು ಬೇರೇನೂ ಅಲ್ಲ, ಕರಾವಳಿಯ ಹಿತ್ತಿಲಲ್ಲಿ ಬೆಳೆಯುವ ದಾರೆಹುಳಿಯೇ! ಕೆಲವೆಡೆ ಕಮರಾಕ್ಷಿ ಎನ್ನುತ್ತಾರೆ, ಉರ್ದು ಮನೆಮಾತಿನವರು ಕಮರಖ್ ಎನ್ನುತ್ತಾರೆ.

ವಿಟಮಿನ್ ಸಿ ಮತ್ತು ನಾರಿನಂಶ ಇರುವ, ಕ್ಯಾಲೊರಿ ಕಡಿಮೆ ಇರುವ ಹಣ್ಣಿದು. ಸಿಪ್ಪೆ ತೆಗೆಯಬೇಕಿಲ್ಲ. ಏಣುಗಳ ಸಂದಿಯಲ್ಲಿ ಕೊಳೆ ಕೂರುವುದರಿಂದ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಆರೋಗ್ಯವಂತರು ಊಟದ ನಂತರ ಒಂದೆರಡು ಹೋಳು ತಿಂದರೆ ತೊಂದರೆಯಿಲ್ಲ.

ಆದರೆ ಕಿಡ್ನಿ ದುರ್ಬಲವಾದವರಿಗೆ ಇದು ವಿಷ. ಹಣ್ಣಿನಲ್ಲಿ ಆಕ್ಸಲೇಟ್ ಹೆಚ್ಚಿದೆ. ಜೊತೆಗೆ ಕ್ಯಾರಂಬಾಕ್ಸಿನ್ ಎಂಬ ನರವಿಷವೂ ಇದೆ. ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ಅದನ್ನು ಬೇರ್ಪಡಿಸಿ ಗುರುತಿಸಿದರು. ಆರೋಗ್ಯವಂತ ಕಿಡ್ನಿ ಇದನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಕಿಡ್ನಿ ಕೆಟ್ಟಿದ್ದರೆ ಅದು ರಕ್ತದಲ್ಲೇ ಉಳಿದು ಮೆದುಳನ್ನು ತಲುಪುತ್ತದೆ. ಕೆಲವೇ ಗಂಟೆಗಳಲ್ಲಿ ಬಿಕ್ಕಳಿಕೆ ಶುರುವಾಗುತ್ತದೆ, ನೀರು ಕುಡಿದರೂ ನಿಲ್ಲುವುದಿಲ್ಲ. ನಂತರ ವಾಂತಿ, ಕೈಕಾಲಿನಲ್ಲಿ ನಿಶ್ಶಕ್ತಿ, ಗೊಂದಲದ ಮಾತು, ಕೊನೆಗೆ ಅಪಸ್ಮಾರದಂತಹ ಸೆಳೆತ. ಒಂದೇ ಹಣ್ಣು ತಿಂದು ಈ ಸ್ಥಿತಿಗೆ ಬಂದವರಿದ್ದಾರೆ, ಸತ್ತವರೂ ಇದ್ದಾರೆ.

ಕಿಡ್ನಿ ಕಾಯಿಲೆ ಬಹಳ ಕಾಲ ಸುಳಿವು ಕೊಡುವುದಿಲ್ಲ ಎಂಬುದೇ ಇಲ್ಲಿನ ಸಮಸ್ಯೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರು ನಮ್ಮ ಎಷ್ಟು ಮನೆಗಳಲ್ಲಿಲ್ಲ? ಅಂಥವರು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸದೆ ಈ ಹಣ್ಣನ್ನು ಮುಟ್ಟದಿರುವುದೇ ಒಳ್ಳೆಯದು. ಡಯಾಲಿಸಿಸ್‌ನಲ್ಲಿರುವವರಿಗಂತೂ ರುಚಿ ನೋಡಲೂ ಕೊಡಬೇಡಿ. ರೋಗಿಯನ್ನು ನೋಡಲು ಹೋಗುವವರು ಹಣ್ಣಿನ ಬುಟ್ಟಿ ಕಟ್ಟಿಸುವಾಗಲೂ ಇದನ್ನು ನೆನಪಿಡಿ.

ಜ್ಯೂಸ್ ವಿಷಯದಲ್ಲಿ ಆರೋಗ್ಯವಂತರಿಗೂ ಎಚ್ಚರಿಕೆ ಬೇಕು. ನಾಲ್ಕೈದು ಹಣ್ಣಿನ ಆಕ್ಸಲೇಟ್ ಒಂದೇ ಲೋಟದಲ್ಲಿ ಹೊಟ್ಟೆ ಸೇರಿದರೆ ಅದು ಹರಳುಗಟ್ಟಿ ಕಿಡ್ನಿಯನ್ನು ಕೆಡಿಸಬಹುದು. ಹೊಟ್ಟೆ ಖಾಲಿ ಇದ್ದು, ದೇಹದಲ್ಲಿ ನೀರು ಕಡಿಮೆಯಾದಾಗ ಅಪಾಯ ಇನ್ನೂ ಹೆಚ್ಚು. ದಿನವಿಡೀ ಉಪವಾಸವಿದ್ದು ಇಫ್ತಾರ್‌ಗೆ ಇದರ ಜ್ಯೂಸ್ ಕುಡಿಯುವುದು ಬೇಡ, ಖರ್ಜೂರ, ನೀರು ಸಾಕು. ಇದರ ಸೋದರ ಬಿಂಬುಳಿಯದೂ ಇದೇ ಕಥೆ. ಕೊಲೆಸ್ಟರಾಲ್ ಇಳಿಯುತ್ತದೆಂದು ಅದರ ರಸ ಕುಡಿಯುವ ರೂಢಿ ಕೆಲವರಲ್ಲಿದೆ. ಗಾಢ ರಸ ಕುಡಿದು ಕಿಡ್ನಿ ಕೆಡಿಸಿಕೊಂಡ 10 ಮಂದಿಯ ಬಗ್ಗೆ ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದರು. ಮೀನಿನ ಸಾರಿಗೆ ಹಾಕುವ ನಾಲ್ಕು ಬಿಂಬುಳಿಗೆ ಹೆದರಬೇಕಿಲ್ಲ.

ಕಿಡ್ನಿ ತೊಂದರೆ ಇರುವವರು ತಿಳಿಯದೆ ತಿಂದಿದ್ದರೆ ಬಿಕ್ಕಳಿಕೆ ಬರುವವರೆಗೆ ಕಾಯದೆ, ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಏನು ತಿಂದರು, ಎಷ್ಟು ತಿಂದರು, ಯಾವಾಗ ತಿಂದರು ಎಂಬುದನ್ನು ವೈದ್ಯರಿಗೆ ನೀವೇ ಮೊದಲು ಹೇಳಿ.