ಎಲ್ಲರ ಪರದೆ, ಯಾರ ದುಡ್ಡು?

ಭಟ್ಕಳ, ಹೊನ್ನಾವರ, ಕುಮಟಾದ ಮೀನುಗಾರರಿಗೆ ಬಿರುಗಾಳಿಯ ಮುನ್ಸೂಚನೆ ಬೇಕು, ಅಡಿಕೆ ತೋಟದವರಿಗೆ ಕೃಷಿ ಮಾಹಿತಿ ಬೇಕು. ಜಾಹೀರಾತುದಾರರಿಗೆ ಇದರಲ್ಲಿ ಲಾಭ ಕಡಿಮೆ. ಸಾರ್ವಜನಿಕ ಪ್ರಸಾರ ಬೇಕಾಗುವುದು ಇಂಥಲ್ಲಿಯೇ. ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’ಯಲ್ಲಿ ಸರಿಯುತ್ತರಕ್ಕೆ ಸಿಗುವ ಬಹುಮಾನ ಪುಸ್ತಕ, ಕನ್ನಡಕ್ಕೆ ಇದು ಸಣ್ಣ ಕೊಡುಗೆಯಲ್ಲ.

ದುಡ್ಡು ಎಲ್ಲಿಂದ? ಬ್ರಿಟನ್ನಿನ ಮನೆಗಳು ಬಿಬಿಸಿಗಾಗಿ ಪರವಾನಗಿ ಶುಲ್ಕ ಕಟ್ಟುತ್ತವೆ. ನಮ್ಮಲ್ಲೂ ಅಂಥ ಶುಲ್ಕವಿತ್ತು. 1980ರ ದಶಕದಲ್ಲಿ ರದ್ದಾಯಿತು. ಈಗ ದೂರದರ್ಶನಕ್ಕೆ ಸ್ವಂತ ಗಳಿಕೆಯ ಜೊತೆ ಕೇಂದ್ರದ ಅನುದಾನವೇ ಆಸರೆ.

ತೊಡಕೂ ಅಲ್ಲೇ ಇದೆ: ದುಡ್ಡು ಕೊಡುವವರ ಹಿಡಿತದ ಅನುಮಾನ. 1990ರ ಪ್ರಸಾರ ಭಾರತಿ ಕಾಯ್ದೆ ದೂರದರ್ಶನಕ್ಕೆ ಸ್ವಾಯತ್ತತೆ ಕೊಟ್ಟರೂ ಅದು ಜಾರಿಯಾದದ್ದು 1997ರಲ್ಲಿ. 2024ರ ಚುನಾವಣೆಯ ನಡುವೆ ಡಿಡಿ ನ್ಯೂಸ್ ಲಾಂಛನ ಕೇಸರಿ ಬಣ್ಣಕ್ಕೆ ತಿರುಗಿದಾಗ ವಿರೋಧ ಪಕ್ಷಗಳು ಆಕ್ಷೇಪಿಸಿದವು. ಅದೇ ದೂರದರ್ಶನದಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಚುನಾವಣೆಯ ಹೊತ್ತು ಉಚಿತ ಸಮಯವೂ ಸಿಗುತ್ತದೆ. ಯಾರ ಸರದಿ ಯಾವಾಗ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ.